ತುರುಬಿನಲ್ಲಿ ಫೋನು, ಕಾಲರಿನಲ್ಲಿ ದಾರ

ಕೂದಲಣ್ಣನ ಅಂಗಡಿಯ ವಿಗ್ ಫ್ಯಾನಿನ ಗಾಳಿಗೇ ಹಾರಿಹೋಗುತ್ತದೆ ಎಂಬ ಮಾತು ಬೀದಿಯಲ್ಲಿ ಹಬ್ಬಿತು. ಹಬ್ಬಿಸಿದವರು ಬೀದಿಯ ಮೂಲೆಯಲ್ಲಿದ್ದ ಕನ್ನಡಕದ ಅಂಗಡಿಯ ಯಜಮಾನರು. ಅವರು ಕೂದಲಣ್ಣನ ಹತ್ತಿರವೇ ವಿಗ್ ಮಾಡಿಸಿಕೊಂಡವರು. ಒಂದು ದಿನ ಬರಿದಲೆಯಲ್ಲಿ ಬಂದು ಅಂಗಡಿಯ ಬಾಗಿಲು ತೆರೆದರು. ಏನಾಯಿತು ಎಂದು ಕೇಳಿದವರಿಗೆಲ್ಲ, ಫ್ಯಾನ್ ಹಾಕಿದೆ, ಎದ್ದು ಕಿಟಕಿಯಾಚೆ ಹೋಯಿತು ಎಂದರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಎರಡು ವಾರದಲ್ಲಿ ಆ ವಿಗ್ ಕಿಟಕಿಯಿಂದ ಹಾರಿ, ಎದುರಿನ ಮನೆಯ ಬಟ್ಟೆ ತಂತಿಯ ಮೇಲೆ ಕೂತು, ಕಾಗೆಯನ್ನು ಹೆದರಿಸಿತ್ತು.

ಕೂದಲಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅವನ ತಲೆ ಸ್ವಚ್ಛ ಬೋಳು. ಅಡುಗೆಯವನು ತನ್ನ ಅಡುಗೆಯನ್ನೇ ಉಂಡ ಹಾಗೆ, ಅವನೂ ತನ್ನ ಅಂಗಡಿಯ ವಿಗ್ಗನ್ನೇ ಹಾಕಿಕೊಳ್ಳುತ್ತಿದ್ದ. ತಲೆಯ ಅಳತೆ ತೆಗೆಯುವುದು, ಅಂಟುಪಟ್ಟಿ ಹಚ್ಚಿ ಕೂರಿಸುವುದು ಅವನ ಕೆಲಸ. ಒಳಕೋಣೆಯಲ್ಲಿ ಕೂತು, ತೆಳ್ಳನೆಯ ಬಲೆಗೆ ಕೊಕ್ಕೆಸೂಜಿಯಿಂದ ಒಂದೊಂದೇ ಎಳೆ ಗಂಟು ಹಾಕುವುದು ಅವನ ಹೆಂಡತಿಯ ಕೆಲಸ. ಗೋಡೆಯ ಹಲಗೆಯ ಮೇಲೆ ಮರದ ತಲೆಗಳು ಸಾಲಾಗಿ ಕೂತು ಅವಳನ್ನು ನೋಡುತ್ತಿದ್ದವು. ಅವುಗಳಷ್ಟು ಶಾಂತವಾಗಿ ತನ್ನ ಮಾತು ಕೇಳುವವರು ಮನೆಯಲ್ಲಿ ಯಾರೂ ಇಲ್ಲ ಎಂದು ಅವಳು ಹೇಳುವುದಿತ್ತು.

ಮಾತು ಹಬ್ಬಿದ ಮೇಲೆ ಗಿರಾಕಿಗಳು ನಿಂತರು. ವಿಗ್ ಕೊಳ್ಳುವವರು ಮೊದಲೇ ಹಿಂದಿನ ಬಾಗಿಲಿಂದ ಬರುವ ಜನ. ಈಗ ಆ ಬಾಗಿಲಿನ ಚಿಲಕವನ್ನು ತೆಗೆಯುವ ಕೆಲಸವೇ ಇಲ್ಲವಾಯಿತು. ಒಂದು ಮಧ್ಯಾಹ್ನ ಹೆಂಡತಿ ಧೂಳು ಕೂರುತ್ತದೆ ಎಂದು ಮರದ ತಲೆಗಳಿಗೆಲ್ಲ ಹಳೆಯ ಬಟ್ಟೆ ಹೊದಿಸಿದಳು. ಸೂಜಿಯನ್ನೂ ಡಬ್ಬಿಗೆ ಹಾಕಿದಳು. ಅದನ್ನು ನೋಡಿ ಕೂದಲಣ್ಣನಿಗೆ ಅನ್ನ ಇಳಿಯಲಿಲ್ಲ.

ಮಗಳು ಕಾಲೇಜಿಗೆ ಹೋಗುವವಳು. ಒಂದು ವಿಡಿಯೋ ಮಾಡಿ ಎಲ್ಲರಿಗೂ ತೋರಿಸೋಣ ಅಪ್ಪಾ ಎಂದಳು. ಫ್ಯಾನಿನ ಕೆಳಗೆ ಕೂತು ಮಾಡಿದರೆ ಸಾಕು ಎಂಬುದು ಅವಳ ಲೆಕ್ಕ. ಅಪ್ಪನಿಗೆ ಅದು ಸಾಲಲಿಲ್ಲ.

"ಫ್ಯಾನ್ ಯಾವ ಮೂಲೆಗೆ? ರೋಲರ್ ಕೋಸ್ಟರ್ ಹತ್ತುತೀನಿ. ತಲೆಕೆಳಗಾಗಿ ತಿರುಗಿದ್ರೂ ನನ್ನ ವಿಗ್ ಅಲ್ಲಾಡಲ್ಲ ಅಂತ ಜನ ನೋಡ್ಲಿ."

ಊರಾಚೆ ಒಂದು ಮನರಂಜನಾ ಪಾರ್ಕು ಇತ್ತು. ಅಲ್ಲಿಯ ರೋಲರ್ ಕೋಸ್ಟರ್ ಎಂದರೆ ಕಬ್ಬಿಣದ ಹಳಿಯ ಮೇಲೆ ಮುಗಿಲಿಗೆ ಏರಿ, ದೊಪ್ಪನೆ ಇಳಿದು, ಸುರುಳಿ ಸುತ್ತುವ ಬಂಡಿ. ಅದನ್ನು ಓಡಿಸಿ ನಿಲ್ಲಿಸುವ ಹೆಂಗಸು ಕೂದಲಣ್ಣನ ಮನೆಯ ಮಹಡಿಯಲ್ಲೇ ಬಾಡಿಗೆಗೆ ಇದ್ದಳು. ಎಲ್ಲರೂ ಅವಳನ್ನು ಬ್ರೇಕ್ ಅಕ್ಕ ಎನ್ನುತ್ತಿದ್ದರು. ಕೂದಲಣ್ಣ ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿ ತನ್ನ ಯೋಜನೆ ಹೇಳಿದ. ಅವಳು ಚೀಲವನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. ಬಂಡಿಯ ಮೇಲೆ ಫೋನನ್ನೂ ಕ್ಯಾಮೆರಾವನ್ನೂ ಬಿಡುವುದಿಲ್ಲ, ಮೊದಲು ಪಾರ್ಕಿನ ಆಫೀಸಿಗೆ ಬರೆದು ಅನುಮತಿ ತೆಗೆದುಕೊಳ್ಳಬೇಕು ಎಂದಳು.

"ಕೇಳಿದ್ರೆ ಇಲ್ಲ ಅಂತಾರೆ ತಂಗಿ."

"ಕೇಳಿದೋರಿಗೆ ಒಂದೊಂದ್ಸಲ ಹೂಂ ಅಂತಾರೆ ಅಣ್ಣ. ಕೇಳದೇ ಇರೋರಿಗೆ ಹೂಂ ಅನ್ನೋರು ಯಾರು?"

ಕೂದಲಣ್ಣ ತಲೆಯಾಡಿಸಿದ. ಮನಸ್ಸಿನಲ್ಲಿ ಮಾತ್ರ, ಒಂದು ಅಂಗೈಯಗಲದ ಫೋನಿಗೆ ಇಷ್ಟು ರಾಮಾಯಣವೇ ಎಂದುಕೊಂಡ. ಒಂದೊಂದು ಎಳೆಯನ್ನೂ ಜಾರದಂತೆ ಕೂರಿಸುವ ಮನೆತನ ನಮ್ಮದು, ಒಂದು ಫೋನನ್ನು ಕೂರಿಸಲಾರೆವೇ ಎಂದು ಹೆಂಡತಿಯೆದುರು ಹೇಳಿದ.

ಹೇಳಿ ಸುಮ್ಮನಿರಲಿಲ್ಲ. ಬಟ್ಟೆ ಸರಿಸಿ ಮರದ ತಲೆಯೊಂದನ್ನು ಇಳಿಸಿ, ನಾಟಕದ ರಾಣಿಗೆ ಒಪ್ಪುವಂಥ ಒಂದು ದೊಡ್ಡ ತುರುಬು ಕಟ್ಟಿದ. ಅದರ ಹೊಟ್ಟೆಯಲ್ಲಿ ಮಗಳ ಫೋನಿಗೆ ಒಂದು ಜೇಬು. ಕ್ಯಾಮೆರಾದ ಕಣ್ಣು ಇಣುಕಲು ಎಳೆಗಳ ನಡುವೆ ಒಂದು ಕಿಂಡಿ. ಕಿಂಡಿಯ ಸುತ್ತ ಕಪ್ಪು ಮಣಿಯ ಹೂವು. ಆ ತುರುಬನ್ನು ಹೊರಬೇಕಾದವಳು ಹೆಂಡತಿ. ನನ್ನ ತಲೆಯೇ ಯಾಕೆ ಎಂದು ಅವಳು ಕೇಳಿದಳು.

"ಮುಂದಿನ ಸೀಟಲ್ಲಿ ಕೂತೋರ ತುರುಬು, ಹಿಂದಿನ ಸೀಟಲ್ಲಿ ಕೂತೋರ ಮುಖಾನೇ ತಾನೇ ನೋಡೋದು? ನೀನು ಮುಂದೆ, ನಾನು ಹಿಂದೆ. ಇಷ್ಟು ವರ್ಷಕ್ಕೆ ಒಂದ್ಸಲ ನೀನು ಮುಂದಿರು."

ಬೇರೆ ಹೊತ್ತಿನಲ್ಲಾದರೆ ಅವಳು ನಗುತ್ತಿದ್ದಳು. ಬಟ್ಟೆ ಹೊದ್ದ ಮರದ ತಲೆಗಳನ್ನು ನೋಡಿ ಹೂಂ ಅಂದಳು.

ರಜೆಯ ದಿನ ಮೂವರೂ ಪಾರ್ಕಿಗೆ ಹೋದರು. ಮಗಳು ಕೆಳಗೇ ನಿಂತಳು. ಸಾಲಿನಲ್ಲಿ ಹೆಂಡತಿ ಕತ್ತನ್ನು ಅತ್ತಿತ್ತ ಆಡಿಸದೆ, ತುಂಬಿದ ಕೊಡ ಹೊತ್ತವಳ ಹಾಗೆ ನಡೆದಳು. ಬ್ರೇಕ್ ಅಕ್ಕ ಮೇಲಿನ ಗಾಜಿನ ಕೋಣೆಯಲ್ಲಿ ಗುಂಡಿ ಒತ್ತುತ್ತ ಇರುತ್ತಾಳೆ, ತಪಾಸಣೆಗೆ ಬೇರೆಯವರಿರುತ್ತಾರೆ ಎಂದು ಕೂದಲಣ್ಣ ಎಣಿಸಿದ್ದ. ಆ ದಿನ ತಪಾಸಣೆಗೆ ಇದ್ದವಳು ಅವಳೇ.

ಹೆಂಡತಿ ಮುಂದಿನ ಸೀಟಿನಲ್ಲಿ ಕೂತಳು. ಭುಜದ ಕಂಬಿ ಕೆಳಗಿಳಿಯಿತು. ತುರುಬು ತಲೆಯ ಹಿಂದಿನ ದಿಂಬಿಗೆ ಒತ್ತಿ, ಅವಳ ತಲೆಯನ್ನು ಮುಂದಕ್ಕೆ ದೂಡಿತು. ಅವಳಿಗೆ ಕಾಣುತ್ತಿದ್ದದ್ದು ತನ್ನ ಮಡಿಲು ಮಾತ್ರ. ಬ್ರೇಕ್ ಅಕ್ಕ ಒಬ್ಬೊಬ್ಬರ ಕಂಬಿಯನ್ನೂ ಎಳೆದು ನೋಡುತ್ತ ಬಂದವಳು ಅಲ್ಲಿ ನಿಂತಳು.

"ಅತ್ತಿಗೆ, ತುರುಬು ಬಿಚ್ಚಿ. ತಲೆ ಹಿಂದಕ್ಕೆ ಒರಗಬೇಕು. ಇಲ್ಲಾಂದ್ರೆ ಕುತ್ತಿಗೆ ಉಳುಕುತ್ತೆ."

ತುರುಬು ಬಿಚ್ಚಿದರೆ ಅವಳಿಗೆ ತಲೆನೋವು ಬರುತ್ತದೆ ಎಂದು ಹಿಂದಿನ ಸೀಟಿನಿಂದ ಕೂದಲಣ್ಣ ಹೇಳಿದ. ಬಿಚ್ಚದಿದ್ದರೆ ಬಂಡಿ ಹೊರಡುವುದಿಲ್ಲ ಎಂದಳು ಬ್ರೇಕ್ ಅಕ್ಕ. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಹೆಂಡತಿ ಎರಡೂ ಕೈಯೆತ್ತಿ, ಪಾತ್ರೆಯ ಮುಚ್ಚಳ ತೆಗೆದ ಹಾಗೆ ಇಡೀ ತುರುಬನ್ನು ತೆಗೆದು ಬ್ರೇಕ್ ಅಕ್ಕನ ಅಂಗೈ ಮೇಲಿಟ್ಟಳು.

"ತಗೋ ತಾಯಿ. ಇದು ನಂದಲ್ಲ, ಇವರದ್ದು."

ಸಾಲಿನಲ್ಲಿದ್ದವರು ನಕ್ಕ ನಗುವಿಗೆ ಹಳಿಯೇ ನಡುಗಿರಬೇಕು. ಹಿಂದಿದ್ದ ಒಬ್ಬ ಮುದುಕರು, ಮಿಕ್ಕದ್ದೂ ಹೀಗೇ ಕಳಚುತ್ತದೆಯೇ ಎಂದು ವಿಚಾರಿಸಿದರು. ಬ್ರೇಕ್ ಅಕ್ಕ ಮಾತ್ರ ನಗಲಿಲ್ಲ. ತುರುಬಿನ ಭಾರವನ್ನು ಕೈಯಲ್ಲೇ ತೂಗಿದಳು. ಬೆರಳಿಂದ ಕಿಂಡಿಯನ್ನು ತಡವಿದಳು. ಗಂಡಹೆಂಡಿರನ್ನು ಬಂಡಿಯಿಂದ ಇಳಿಸಿ, ತಪಾಸಣೆಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಇಬ್ಬರನ್ನೂ ಗಾಜಿನ ಕೋಣೆಗೆ ಕರೆದೊಯ್ದಳು.

ಅಲ್ಲಿ ಬೈಗುಳ ಕಾದಿದೆ ಎಂದು ಕೂದಲಣ್ಣ ಕತ್ತು ತಗ್ಗಿಸಿದ್ದ. ಬ್ರೇಕ್ ಅಕ್ಕ ಒಂದು ಸ್ಟೂಲು ಎಳೆದು ಕೂರಿಸಿ, ಎದುರಿನ ಗಾಜನ್ನು ತೋರಿಸಿದಳು. ದಪ್ಪ ಗಾಜು. ಅದರ ನಡುವೆ ಜೇಡರ ಬಲೆಯಂತೆ ಬಿರುಕು.

"ಒಬ್ಬ ಹುಡುಗ ಕೈಯಲ್ಲಿ ಫೋನ್ ಹಿಡ್ಕೊಂಡಿದ್ದ ಅಣ್ಣ. ಗಟ್ಟಿಯಾಗೇ ಹಿಡ್ಕೊಂಡಿದ್ದ. ತಿರುವಲ್ಲಿ ಜಾರ್ತು. ಈ ಗಾಜಿನ ಹಿಂದೆ ನಾನು ಕೂತಿದ್ದೆ."

ಗಾಜಿನ ಬಿರುಕು ಸರಿಯಾಗಿ ಅವಳ ಹುಬ್ಬಿನ ಮಟ್ಟಕ್ಕಿತ್ತು. ಬಂಡಿಯ ವೇಗಕ್ಕೆ ಫೋನೂ ಕವಣೆಕಲ್ಲೇ ಎಂದು ಆಮೇಲೆ ಬಿಡಿಸಿ ಹೇಳಿದಳು. ಕೈಯಲ್ಲಿರಲಿ, ಜೇಬಿನಲ್ಲಿರಲಿ, ಕೋಲಿನ ತುದಿಯಲ್ಲಿರಲಿ, ಜಾರಿದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಹಿಂದಿನ ಸೀಟಿನವರ ಮುಖ, ಕೆಳಗೆ ನಡೆಯುವವರ ತಲೆ, ಹಳಿಯ ಸಂದು, ಎಲ್ಲಿ ಬೇಕಾದರೂ ಹೋಗುತ್ತದೆ.

ಹೆಂಡತಿ ತುರುಬನ್ನು ನೋಡಿದಳು, ಗಂಡನನ್ನು ನೋಡಿದಳು.

"ರೀ, ನನ್ನ ಹಿಂದೆ ಕೂತಿದ್ದೋರು ನೀವೇ ಅಲ್ವಾ?"

ಕೂದಲಣ್ಣ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡ. ಮೂಗು ಇತ್ತು.

ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇತ್ತು. ಹಳಿಯ ಕೆಳಗೆ ಬಿದ್ದದ್ದನ್ನೆಲ್ಲ ಆರಿಸಿ ಅದರಲ್ಲಿ ಹಾಕಿಡುತ್ತಾರೆ. ಒಂಟಿ ಚಪ್ಪಲಿಗಳು, ಕನ್ನಡಕಗಳು, ಅಪ್ಪಚ್ಚಿಯಾದ ಫೋನುಗಳು, ಒಂದು ಸೆಟ್ಟು ಹಲ್ಲು. ಅವುಗಳ ಅಡಿಯಿಂದ ಹೆಂಡತಿ ಕಪ್ಪನೆಯದೊಂದನ್ನು ಎಳೆದಳು. ಸತ್ತ ಇಲಿಯೆಂದು ಕೂದಲಣ್ಣ ಹಿಂದೆ ಸರಿದ. ಅವಳು ಅದನ್ನು ಮಗುಚಿ ಬಲೆಯ ಮೇಲೆ ಉಗುರಾಡಿಸಿದಳು.

"ಇದು ನನ್ನ ಗಂಟು."

ಅಳತೆಯೂ ಗುರುತು ಹೇಳಿತು, ಅದು ಕನ್ನಡಕದ ಯಜಮಾನರ ವಿಗ್. ಬ್ರೇಕ್ ಅಕ್ಕನಿಗೆ ಅದು ಬಿದ್ದ ದಿನ ನೆನಪಿತ್ತು, ಯಾರದೆಂದು ಗೊತ್ತಿರಲಿಲ್ಲ. ಆ ಮನುಷ್ಯರು ಅಂಗಿಯ ತೋಳಿನೊಳಗೆ ಫೋನು ಬಚ್ಚಿಟ್ಟು, ಮೇಲೆ ಹೋದ ಮೇಲೆ ತೆಗೆದು, ತಮ್ಮದೇ ಚಿತ್ರ ತೆಗೆದುಕೊಳ್ಳುತ್ತ ಬಾಗಿದ್ದರಂತೆ. ಫೋನು ಒಂದು ಕಡೆ, ವಿಗ್ ಒಂದು ಕಡೆ. ಇಳಿದವರೇ ಕರವಸ್ತ್ರ ಸುತ್ತಿಕೊಂಡು ಹೊರಟುಹೋದರು, ಕೇಳಲು ಮತ್ತೆ ಬರಲಿಲ್ಲ. ಕೂದಲಣ್ಣ ವಿಗ್ಗಿನ ಒಳಗನ್ನು ಪರೀಕ್ಷಿಸಿದ. ಅಂಟುಪಟ್ಟಿಯ ಗುರುತೇ ಇರಲಿಲ್ಲ, ಬರೀ ತಲೆಯ ಮೇಲಿಟ್ಟುಕೊಂಡು ಬಂದಿದ್ದರು. ಬಿಸಿಲಲ್ಲಿ ಮಳೆಯಲ್ಲಿ ಬಿದ್ದಿದ್ದರೂ ಒಂದು ಎಳೆಯೂ ಉದುರಿರಲಿಲ್ಲ.

ಕೂದಲಣ್ಣನ ಎದೆ ಉಬ್ಬಿತು. ಇದನ್ನೇ ಅಂಗಡಿಯ ಮುಂದೆ ತೂಗುಹಾಕುತ್ತೇನೆ, ಯಾರದೆಂದು ಬೋರ್ಡು ಬರೆಸುತ್ತೇನೆ, ಇನ್ನು ವಿಡಿಯೋ ಯಾಕೆ ಎಂದ. ಹೆಂಡತಿ ವಿಗ್ಗನ್ನು ಅವನ ಕೈಯಿಂದ ತೆಗೆದುಕೊಂಡಳು.

"ಒಬ್ಬರ ಬೋಳು ಬಯಲಿಗೆ ಹಾಕಿ ನಮ್ಮ ಅಂಗಡಿ ತುಂಬೋದು ಬೇಡ ರೀ. ಮುಚ್ಚೋದೇ ನಮ್ಮ ಕಸುಬು. ಇದನ್ನ ತೊಳೆದು ಅವರಿಗೆ ಕೊಟ್ಟುಬಿಡೋಣ. ನೀವು ಅನುಮತಿ ಕೇಳಿ."

ಕೂದಲಣ್ಣ ಕೇಳಿದ. ಮೊದಲ ಪತ್ರದಲ್ಲಿ ಪಾರ್ಕನ್ನು ಹೊಗಳಿದ್ದ, ಕೇಶದ ಮಹಿಮೆ ಬರೆದಿದ್ದ, ಏನು ಬೇಕೆಂದು ಬರೆದಿರಲಿಲ್ಲ. ಆಗುವುದಿಲ್ಲ ಎಂದು ಉತ್ತರ ಬಂತು. ನಾನು ಹೇಳಿರಲಿಲ್ಲವೇ ಎಂದು ಅವನು ಮೆಟ್ಟಿಲ ಮೇಲೆ ಕೂತು ಗೊಣಗಿದ. ಬ್ರೇಕ್ ಅಕ್ಕ ಪಕ್ಕದಲ್ಲಿ ಕೂತು, ಆಫೀಸಿನವರಿಗೆ ಬೇಕಾದದ್ದು ಹೊಗಳಿಕೆಯಲ್ಲ, ವಿವರ ಎಂದಳು. ಯಾವ ಬಂಡಿ, ಯಾವ ದಿನ, ಯಾರು ಕೂರುವವರು, ಯಾವ ಕ್ಯಾಮೆರಾ, ಎಷ್ಟು ಭಾರ, ವಿಡಿಯೋ ಎಲ್ಲಿ ತೋರಿಸುತ್ತೀರಿ, ಬೇರೆಯವರ ಮುಖ ಅದರಲ್ಲಿ ಬರುತ್ತದೆಯೇ. ಅಂಗಡಿಗಾಗಿ ತೆಗೆಯುವುದಾದರೆ ಅದನ್ನೂ ಮುಚ್ಚಿಡದೆ ಬರೆಯಬೇಕು. ಮಗಳು ಎಲ್ಲವನ್ನೂ ಬರೆದಳು. ಈ ಸಲ ಆಫೀಸಿನಿಂದ ಕರೆ ಬಂತು.

ಷರತ್ತುಗಳಿದ್ದವು. ಗೇಟು ತೆರೆಯುವ ಮುಂಚೆ, ಬೇರೆ ಜನ ಇಲ್ಲದಾಗ ಮಾತ್ರ. ಕ್ಯಾಮೆರಾವನ್ನು ಪಾರ್ಕಿನ ಫಿಟ್ಟರೇ ಬಿಗಿಯುತ್ತಾನೆ. ಬಿಗಿದ ಮೇಲೂ ಅದಕ್ಕೊಂದು ಎರಡನೇ ಕಟ್ಟು, ಉಕ್ಕಿನ ತಂತಿ ಇರಬೇಕು. ಇದನ್ನೆಲ್ಲ ಕೂದಲಣ್ಣ ಒಪ್ಪಿದ. ಕೊನೆಯ ಷರತ್ತಿಗೆ ಮಾತ್ರ ಸಿಡಿಮಿಡಿಗೊಂಡ. ವಿಗ್ ಕೂಡ ಕಳಚುವ ವಸ್ತುವೇ, ಅದಕ್ಕೂ ಎರಡನೇ ಕಟ್ಟು ಬೇಕು ಎಂದಿದ್ದರು.

"ದಾರ ಕಟ್ಟಿದ ವಿಗ್ ನೋಡಿ ಯಾವನು ನಂಬ್ತಾನೆ? ನನ್ನ ಮರ್ಯಾದೆಗೇ ದಾರ ಕಟ್ಟಿದ ಹಾಗೆ."

ಹೆಂಡತಿ ಡಬ್ಬಿಯಿಂದ ಸೂಜಿ ತೆಗೆದಳು. ವಿಗ್ಗಿನ ಬಲೆಯಿಂದ ಅಂಗಿಯ ಕಾಲರಿಗೆ ಗಟ್ಟಿಯಾದ ಕೆಂಪು ದಾರ ಹೊಲಿದಳು. ಅದನ್ನು ಬಿಗಿಯಾಗಿ ಎಳೆಯದೆ, ಸ್ವಲ್ಪ ಇಳಿಬಿಟ್ಟಳು.

"ವಿಗ್ ಎದ್ರೆ ದಾರ ಬಿಗಿಯಾಗುತ್ತೆ. ಏಳದಿದ್ರೆ ಜೋಲಾಡ್ತಾ ಇರುತ್ತೆ. ನೋಡೋರಿಗೆ ಕಣ್ಣಿಲ್ವಾ?"

ಗೊತ್ತುಮಾಡಿದ ದಿನ ಬೆಳಗ್ಗೆ ಖಾಲಿ ಬಂಡಿಯಲ್ಲಿ ಕೂದಲಣ್ಣನೊಬ್ಬನೇ ಕೂತ. ಫಿಟ್ಟರ್ ಕ್ಯಾಮೆರಾ ಬಿಗಿದು, ತಂತಿ ಎಳೆದು ನೋಡಿದ. ಬ್ರೇಕ್ ಅಕ್ಕ ದಾರವನ್ನೂ ಎಳೆದು ನೋಡಿದಳು. ಕೆಳಗೆ ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಬಂಡಿ ಕಟಕಟ ಎನ್ನುತ್ತ ಏರಿತು, ತುದಿಯಲ್ಲಿ ಉಸಿರು ಹಿಡಿಯಿತು, ಇಳಿಯಿತು.

ಆ ವಿಡಿಯೋವನ್ನು ಈಗ ಬೀದಿಯವರೆಲ್ಲ ನೋಡಿದ್ದಾರೆ. ಕೂದಲಣ್ಣನ ಕಣ್ಣು ಮುಚ್ಚಿದೆ, ಬಾಯಿ ಗುಹೆಯಾಗಿದೆ, ಕೆನ್ನೆ ಒಂದು ಕಿವಿಯ ಕಡೆಯಿಂದ ಇನ್ನೊಂದು ಕಿವಿಗೆ ಹೋಗುತ್ತಿದೆ. ಮೊದಲ ಸುರುಳಿಯಲ್ಲಿ ಅವ್ವಾ ಎನ್ನುತ್ತಾನೆ, ಎರಡನೆಯದರಲ್ಲಿ ಹೆಂಡತಿಯನ್ನು ಕರೆಯುತ್ತಾನೆ. ಮುಖದಲ್ಲಿ ನೆಟ್ಟಗಿರುವುದು ಯಾವುದೂ ಇಲ್ಲ. ತಲೆಯ ಮೇಲೆ ಮಾತ್ರ, ಬೈತಲೆಯ ಗೆರೆ ಕೂಡ ಕದಲದೆ, ವಿಗ್ ಕೂತಿದೆ. ಕೆಂಪು ದಾರ ಗಾಳಿಗೆ ಅತ್ತಿತ್ತ ಹೊಯ್ದಾಡುತ್ತದೆ, ಒಮ್ಮೆಯೂ ಬಿಗಿಯುವುದಿಲ್ಲ.

ವಿಡಿಯೋದ ಕೊನೆಗೆ ಮಗಳು, ಪಾರ್ಕಿನ ಅನುಮತಿ ಪಡೆದು ಚಿತ್ರೀಕರಿಸಿದ್ದು, ನೀವಾಗಿ ಹೀಗೆ ಮಾಡಬೇಡಿ ಎಂದು ಬರೆದಳು. ಆ ಸಾಲನ್ನು ಇನ್ನೂ ದಪ್ಪ ಮಾಡು ಎಂದವನು ಕೂದಲಣ್ಣನೇ.

ಹಿಂದಿನ ಬಾಗಿಲಿನ ಚಿಲಕ ಮತ್ತೆ ಸದ್ದು ಮಾಡತೊಡಗಿತು. ಮರದ ತಲೆಗಳ ಮೇಲಿನ ಬಟ್ಟೆ ಒರೆಸುವ ಬಟ್ಟೆಯಾಯಿತು. ಒಂದು ಸಂಜೆ ಕನ್ನಡಕದ ಯಜಮಾನರೂ ಬಂದರು. ಹೆಂಡತಿ ತೊಳೆದು ಬಾಚಿಟ್ಟಿದ್ದ ಪೊಟ್ಟಣವನ್ನು ಅವರ ಮುಂದಿಟ್ಟಳು. ಅವರು ಬಿಚ್ಚಿ, ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೂ ಒಂದು ದಾರ ಹಾಕಿಕೊಡ್ತೀರಾ ತಾಯಿ?"

ಮರುದಿನದಿಂದ ಅವರು, ನಮ್ಮ ಫ್ಯಾನೇ ಸರಿಯಿರಲಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದರು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪಾರ್ಕಿಗೆ ಹೋಗಿ, ಮನಸಾರೆ ಕೂಗಿ. ಬಂಡಿ ಹತ್ತುವಾಗ ಮಾತ್ರ ಫೋನನ್ನು ಕೆಳಗಿನ ಲಾಕರಿನಲ್ಲೋ ಹತ್ತದೆ ಉಳಿದವರ ಕೈಯಲ್ಲೋ ಬಿಡಿ. ಚಿತ್ರ ತೆಗೆಯಲೇಬೇಕೆಂದಿದ್ದರೆ ಮೊದಲೇ ಆಫೀಸಿಗೆ ಬರೆಯಿರಿ, ಏನು ಎತ್ತ ಎಂದು ಬಿಡಿಸಿ ಬರೆಯಿರಿ. ಹೂಂ ಎಂದರೆ ಅವರು ಕಟ್ಟಿದ ಹಾಗೆ ಕಟ್ಟಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಕಣ್ಣಲ್ಲೇ ನೋಡಿ ಬನ್ನಿ, ಮನೆಗೆ ಬಂದು ಬಾಯಲ್ಲಿ ಹೇಳಿ. ಸೆರಗು, ತೋಳು, ತುರುಬು, ಎಲ್ಲಿಯೂ ಬಚ್ಚಿಡಬೇಡಿ. ನಿಮ್ಮ ಹಿಂದಿನ ಸೀಟಿನಲ್ಲಿ ಕೂತಿರುವುದು ನಿಮ್ಮವರೇ ಇರಬಹುದು.