ಕೊನೆಯ ಹಾಡಿನ ಎರಡನೆಯ ದನಿ

ಅಮ್ಮನ ಹಾಡು ಕೇಳುವಾಗ ನನಗೆ ಏನೂ ಅನ್ನಿಸದಿದ್ದರೆ ಮುಖ ಹೇಗಿಟ್ಟುಕೊಳ್ಳುವುದು? ಬರ್ಬ್ಯಾಂಕಿನ ಸ್ಟುಡಿಯೋಗೆ ಹೊರಟಾಗಿನಿಂದ ಇದೊಂದೇ ಯೋಚನೆ. ಯಾರಿಗೂ ಹೇಳಿಲ್ಲ. ಅಮ್ಮ ತೀರಿಹೋದದ್ದು ವಸಂತದಲ್ಲಿ. ಆಮೇಲೆ ನನಗೆ ಊಟದ ಉಪ್ಪು ಕೂಡ ಸರಿಯಾಗಿ ತಿಳಿಯುತ್ತಿಲ್ಲ.

ಕಾರು ಓಡಿಸುತ್ತಿದ್ದವನು ಗ್ಲೆನ್ ಮಾಮ, ಅಮ್ಮನ ಅಣ್ಣ. ‘ಗ್ಲೆನ್ ಮತ್ತು ಡೋರೀನ್’ ಅಂತ ಅರವತ್ತೊಂಬತ್ತನೇ ಇಸವಿಯಲ್ಲಿ ಇಬ್ಬರೂ ಸೇರಿ ಒಂದೇ ಒಂದು ಆಲ್ಬಂ ಮಾಡಿದ್ದರು. ಮೆತ್ತಗಿನ ಹಾಡುಗಳು, ಹಲ್ಲಿನ ಡಾಕ್ಟರಿಗೆ ಕಾಯುವ ಕೋಣೆಯಲ್ಲಿ ಹಾಕುವಂಥವು. ಆಗ ಯಾರೂ ಕೊಳ್ಳಲಿಲ್ಲ. ಈಗ ಜಪಾನಿನವರು ಹುಡುಕಿಕೊಂಡು ಬರುತ್ತಾರಂತೆ. ಅದಕ್ಕೇ ಒಂದು ಪುಟ್ಟ ಕಂಪನಿ ಸಿ.ಡಿ. ಮಾಡಿ ಮತ್ತೆ ಹೊರತರುತ್ತಿದೆ.

“ಡೋನಟ್ ತಿನ್ನೇ, ಹೈಡಿ. ಬರೀ ಹೊಟ್ಟೇಲಿ ಹಾಡಿದ್ರೆ ದನಿ ಬೆಕ್ಕಿನ ಮರಿ ಥರ ಬರುತ್ತೆ.”

“ನಾನು ಕೇಳೋಕೆ ಬರ್ತಿರೋದು ಮಾಮ, ಹಾಡೋಕಲ್ಲ.”

“ನೋಡೋಣ, ನೋಡೋಣ.”

ಸ್ಟುಡಿಯೋದಲ್ಲಿ ಕರ್ಟಿಸ್ ಕಾಯುತ್ತಿದ್ದ. ಹಳೆಯ ಟೇಪುಗಳನ್ನು ತೊಳೆದು ಒರೆಸಿ ಹೊಸದು ಮಾಡುವ ಎಂಜಿನಿಯರ್. ಆಲ್ಬಮ್ಮಿಗೆ ಸೇರದೆ ಉಳಿದಿದ್ದ ಒಂದು ಹಾಡು ಅವನಿಗೆ ಸಿಕ್ಕಿತ್ತು. ಅದರಲ್ಲಿ ವಾದ್ಯಗಳಿವೆ, ಮಾಮನ ದನಿ ಇದೆ, ಅಮ್ಮನದಿಲ್ಲ.

ಅವರ ಪದ್ಧತಿಯೇ ಹಾಗೆ. ಮೊದಲು ಮಾಮ ಹಾಡಬೇಕು, ಆಮೇಲೆ ಅದನ್ನು ಕಿವಿಯಲ್ಲಿ ಕೇಳುತ್ತಾ ಅಮ್ಮ ಅದಕ್ಕೆ ಹೊಂದುವ ಮೇಲಿನ ಸ್ವರದಲ್ಲಿ ಎರಡನೆಯ ದನಿ ಸೇರಿಸಬೇಕು. ಈ ಹಾಡಿನ ದಿನ ಅವಳಿಗೆ ಗಂಟಲು ಕಟ್ಟಿತ್ತು ಅಂತ ಮಾಮ ಎಲ್ಲರಿಗೂ ಹೇಳುತ್ತಾನೆ. ಅಮ್ಮ ನನಗೆ ಹೇಳಿದ್ದು ಬೇರೆ: “ಅಣ್ಣ ನಡೆದಲ್ಲೆಲ್ಲ ಹಿಂದೆ ನಡೆದು ಸಾಕಾಗಿತ್ತು ಕಣೇ. ಹೆಡ್‌ಫೋನ್ ತೆಗೆದಿಟ್ಟು, ಹಾಡಲ್ಲ ಅಂದು ಮನೆಗೆ ಬಂದೆ.” ಮತ್ತೆ ಅವಳು ಎಲ್ಲೂ ಹಾಡಲಿಲ್ಲ, ಪಾತ್ರೆ ತೊಳೆಯುವಾಗ ಬಿಟ್ಟರೆ.

“ಎರಡನೇ ದನಿ ಇಲ್ದೆ ಇದು ಒಂಟಿ ಚಪ್ಪಲಿ ಇದ್ದಂಗೆ,” ಅಂದ ಕರ್ಟಿಸ್.

“ಇವಳು ಹಾಡ್ತಾಳೆ,” ಮಾಮ ನನ್ನ ಭುಜ ತಟ್ಟಿದ. “ಅದೇ ಗಂಟಲು. ಇವಳು ಫೋನ್ ಎತ್ತಿದ್ರೆ ಡೋರೀನೇ ಅಂತ ನಾನೇ ಮೋಸ ಹೋಗ್ತೀನಿ.”

“ಕವರ್ ಮೇಲೆ ಯಾರ ಹೆಸರು?” ಕರ್ಟಿಸ್ ಕೇಳಿದ.

“ಡೋರೀನ್ ಅಂತ್ಲೇ ಇರ್ಲಿ. ಟೋಕಿಯೋದಲ್ಲಿ ಯಾರಿಗಪ್ಪಾ ಗೊತ್ತಾಗುತ್ತೆ?”

ಬೇಡ ಅನ್ನಲು ಬಾಯಿ ಬರಬೇಕು. ನನಗೆ ಒಳಗೆ ಹೋಗಿ ಮೈಕಿನ ಮುಂದೆ ನಿಲ್ಲುವುದೇ ಸುಲಭವಾಯಿತು.

ಸಿಂಕಿನ ಮುಂದೆ ನಿಂತು, ರೇಡಿಯೋದಲ್ಲಿ ಯಾವ ಹಾಡು ಬಂದರೂ ಅದಕ್ಕೆ ಮೇಲಿನ ದನಿ ಕೂಡಿಸುವುದನ್ನು ಅಮ್ಮ ನನಗೆ ಕಲಿಸಿದ್ದಳು. ಹಾಗಾಗಿ ಬಂತು. ತರಗತಿಯಲ್ಲಿ ಹಾಜರಿ ಹೇಳಿದ ಹಾಗೆ ಹಾಡಿ ಮುಗಿಸಿದೆ.

ಕರ್ಟಿಸ್ ಎರಡೂ ದನಿ ಸೇರಿಸಿ ಕೇಳಿಸಿದ. ಚೆನ್ನಾಗಿಯೇ ಇತ್ತು. ಮಾಮನ ದನಿ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತೋ ನನಗೇ ತಿಳಿಯಲಿಲ್ಲ. ಮಾಮ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ.

“ನನ್ ಡೋರೀನ್. ನೋಡಯ್ಯಾ ಕರ್ಟಿಸ್, ಕೊನೆಗೂ ಮುಗಿಸಿಕೊಟ್ಲು.”

ನನಗೆ ಅನ್ನಿಸಿದ್ದು ಇಷ್ಟೇ: ಹೆಡ್‌ಫೋನ್ ಒತ್ತಿದ ಕಿವಿ ಬೆಚ್ಚಗಿದೆ.

“ಹಾಗಾದ್ರೆ ಇದೇ ಇರ್ಲಾ, ಹೈಡಿ?” ಕರ್ಟಿಸ್ ಕೇಳಿದ. “ಡೋರೀನ್ ಅಂತ?”

ಮಾಮ ಕೆಂಪಗಾದ ಕಣ್ಣು ಎತ್ತಿ ನನ್ನನ್ನೇ ನೋಡಿದ. ನಾನು ಹ್ಞೂಂ ಅಂತ ತಲೆಯಾಡಿಸುತ್ತೇನೆ ಅಂತ ಅವನಿಗೆ ನಂಬಿಕೆ. ಯಾವಾಗಲೂ ಆಡಿಸುತ್ತೇನೆ.

“ಅಮ್ಮ ಮುಗಿಸಲಿಲ್ಲ, ಮಾಮ,” ಅಂದೆ. “ಹಾಡಲ್ಲ ಅಂತ ಎದ್ದು ಹೋದ್ಲು. ಇದು ನಾನು.”