ಇಳಿಸಿದ ಶ್ರುತಿ

ಮೈದುನ ಕೊಟ್ಟ ಮಾತು ಒಂದೇ.

"ಬ್ಯಾಂಡಿನ ಹಳೇ ಹಾಡುಗಳನ್ನೆಲ್ಲ ಮತ್ತೆ ರೆಕಾರ್ಡ್ ಮಾಡ್ತಿದೀವಿ ಅತ್ತಿಗೆ. ಹಾಡೋದು ಹೊಸ ಹುಡುಗಿ. ಆದ್ರೆ ಕೊನೇ ಹಾಡಿನ ಕೊನೇ ಕೂಗು ಹಳೇ ರೆಕಾರ್ಡಿನ ಅಣ್ಣಂದೇ. ಅದನ್ನ ಯಾರೂ ಮುಟ್ಟಲ್ಲ."

ಆ ಮಾತು ನಂಬಿ ಅವಳು ಸ್ಟುಡಿಯೋಗೆ ಬಂದಿದ್ದಳು. ಹೊಸದು ಬಂದ ಮೇಲೆ ಹಳೆಯದನ್ನು ಯಾರು ಹುಡುಕಿ ಕೇಳುತ್ತಾರೆ? ತೀರಿಹೋದ ಗಂಡನ ಅಂಗಿಗಳನ್ನು ಯಾರಿಗೋ ಕೊಟ್ಟಾಗಿತ್ತು. ಅವನ ಫೋನ್ ನಂಬರು ಬೇರೆ ಯಾರದೋ ಆಗಿತ್ತು. ಜನರ ಕಿವಿಯಲ್ಲಿ ಅವನು ಉಳಿಯುವುದಾದರೆ ಆ ಕೂಗಿನಲ್ಲಿ ಮಾತ್ರ.

ಸ್ಟುಡಿಯೋ ಇದ್ದದ್ದು ಟೈರ್ ಅಂಗಡಿಯ ಮೇಲೆ. ಗೋಡೆ ತುಂಬ ಕಪ್ಪು ಸ್ಪಂಜು. ಸೋಫಾದ ಮುರಿದ ಕಾಲಿನ ಜಾಗದಲ್ಲಿ ಇಟ್ಟಿಗೆ. ಹೊಸ ಹಾಡುಗಾರ್ತಿ ಎದ್ದು ಜಾಗ ಬಿಟ್ಟಳು. ಅಂಗೈಯಗಲದ ಮುಖದ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಬಾಯಿ ತೆರೆದರೆ ಮಾತ್ರ ಗೂಳಿ.

"ಕೂತ್ಕೊಳ್ಳಿ ಅಕ್ಕಾ. ಚೆನ್ನಾಗಿಲ್ಲ ಅಂದ್ರೆ ಬೈದುಬಿಡಿ."

"ನನಗೆ ಈ ಸಂಗೀತ ತಲೆಗೆ ಹತ್ತಲ್ಲಮ್ಮ. ಅವರು ಹಾಡಿದ್ರೂ ಯಾರಿಗೋ ಬೈತಿದಾರೆ ಅಂತಲೇ ಅನ್ಕೊಳ್ತಿದ್ದೆ."

ಗುಬ್ಬಿ ನಕ್ಕಳು. ಸೌಂಡ್‌ನವನು ಹಾಡು ಹಾಕಿದ. ಬೈಯಲು ಏನೂ ಇರಲಿಲ್ಲ. ಹುಡುಗಿ ಜೀವ ಒತ್ತೆಯಿಟ್ಟು ಹಾಡಿದ್ದಳು. ಕೊನೆಗೆ ಗಂಡನ ಕೂಗು ಬಂತು. ಸಂಗೀತ ತಿಳಿಯದ ಅವಳ ಹಲ್ಲೂ ಜುಮ್ಮೆಂದಿತು. ಕೂಗು ಒಂದು ಕಡೆ, ಹಾಡು ಒಂದು ಕಡೆ.

ಡ್ರಮ್ ಬಾರಿಸುವ ಕೋಲನ್ನು ಮೈದುನ ಕೈಯಲ್ಲಿ ಹೊರಳಿಸುತ್ತಿದ್ದ. "ಗುಬ್ಬಿ ಗಂಟಲಿಗೆ ಸರಿಹೋಗ್ಲಿ ಅಂತ ಗಿಟಾರ್‌ಗಳ ಶ್ರುತಿ ಇಳಿಸಿದ್ವಿ ಅತ್ತಿಗೆ. ಎಲ್ಲ ಮುಗಿದ ಮೇಲೆ ಕೂಗು ನೆನಪಾಯ್ತು. ಅದು ಹಳೇ ಶ್ರುತೀಲೇ ಇದೆ."

"ಮದುವೆ ಮುಗಿಸಿ ಗಂಡನ್ನ ಹುಡುಕಿದ ಹಾಗೆ," ಎಂದ ಸೌಂಡ್‌ನವನು. ಯಾರು ಕೂತಿದ್ದಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

"ಮತ್ತೆ ಹಳೇ ಶ್ರುತೀಲಿ ಹಾಡಿದ್ರೆ?" ಎಂದು ಅವಳು ಕೇಳಿದಳು.

"ಅಷ್ಟು ಮೇಲಕ್ಕೆ ಇವಳ ಗಂಟಲು ಹೋಗಲ್ಲ."

"ಸಾರಿ ಅಕ್ಕಾ," ಎಂದಳು ಗುಬ್ಬಿ, ತನ್ನ ಚಪ್ಪಲಿ ನೋಡುತ್ತ.

"ನಿಂದೇನಮ್ಮ ತಪ್ಪು."

ತಪ್ಪು ಯಾರದೂ ಆಗಿರಲಿಲ್ಲ. ಆಗಿದ್ದರೆ ಜಗಳವಾದರೂ ಆಡಬಹುದಿತ್ತು.

ಸೌಂಡ್‌ನವನು ಕೂಗಿನ ಶ್ರುತಿಯನ್ನೇ ಇಳಿಸಿದ. ಈ ಸಲ ಅದು ಹಾಡಿಗೆ ಹೊಂದಿತು. ಆದರೆ ದನಿ ಭಾರವಾಗಿತ್ತು, ಅಂಚಿನಲ್ಲಿ ಸವೆದಿತ್ತು. ಬೆಳಿಗ್ಗೆ ಎದ್ದು ಕನ್ನಡಕಕ್ಕಾಗಿ ತಡಕಾಡುವ ಗಂಡಸಿನ ದನಿ. ಅವಳ ಗಂಡ ಆ ವಯಸ್ಸು ಕಂಡವನೇ ಅಲ್ಲ.

ಮೈದುನ ತಲೆಯಾಡಿಸಿದ. "ಇದು ಅಣ್ಣ ಅಲ್ಲ. ಕೇಳಿದವರು ನಗ್ತಾರೆ. ಗುಬ್ಬೀನೇ ಕೂಗಲಿ ಅಂತ ನನಗನ್ಸುತ್ತೆ. ಆದ್ರೆ ಮಾತು ಕೊಟ್ಟಿದೀನಿ. ನೀವು ಹೇಳಿದ ಹಾಗೆ."

"ಇನ್ನೊಂದ್ಸಲ ಹಾಕಿ. ಹಾಡು ಬೇಡ, ಅದೊಂದೇ."

ಗಿಟಾರುಗಳಿಲ್ಲದೆ ಕೂಗು ಬರಿದಾಗಿ ಬಂತು. ಅದರ ಬಾಲದಲ್ಲಿ ಒಂದು ಕೆಮ್ಮು. ಅಡುಗೆಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಅವನು ಹೀಗೇ ಕೂಗಿ, ಕೆಮ್ಮಿ, ತಿರುಗಿ ನೋಡದೆ ಅವಳು ಕೊಡುವ ನೀರಿನ ಲೋಟಕ್ಕೆ ಕೈ ಚಾಚುತ್ತಿದ್ದ. ಈಗ ಕೆಮ್ಮಿದ್ದು ಆ ವಯಸ್ಸಾದ ಗಂಡಸು. ಅವಳ ಕೈ ಮೇಜಿನ ಮೇಲಿದ್ದ ನೀರಿನ ಬಾಟಲಿಯವರೆಗೆ ಹೋಗಿ ನಿಂತಿತು.

ಕೂಗು ಇರಲಿ ಬಿಡಿ ಎನ್ನಬಹುದಿತ್ತು. ಆದರೆ ಜನ ನಗುತ್ತಾರೆ. ನಗುವುದು ಅವನ ದನಿ ಕೇಳಿಯೇ.

"ತೆಗೀರಿ," ಎಂದಳು.

ಸೌಂಡ್‌ನವನು ಒಂದು ಗುಂಡಿ ಒತ್ತಿದ. ಅಷ್ಟೇ ಕೆಲಸ. ಆಮೇಲೆ ಕಿಟಕಿಯಿಂದ ಬಗ್ಗಿ, "ಸ್ವಲ್ಪ ಹೊತ್ತು ಬಡಿಬೇಡ್ರಪ್ಪಾ," ಎಂದು ಟೈರ್ ಅಂಗಡಿಯವರಿಗೆ ಹೇಳಿದ. ಗುಬ್ಬಿ ಗಾಜಿನ ಕೋಣೆಗೆ ಹೋಗಿ ಕಣ್ಣು ಮುಚ್ಚಿ ಕೂಗಿದಳು. ಮೈದುನ ತೊಡೆಯ ಮೇಲೆ ತಾಳ ಹಾಕಿದ. ಹಾಕಬಾರದೆಂದು ತೋರಿತೋ ಏನೋ, ನಿಲ್ಲಿಸಿದ.

ಹುಡುಗಿ ಕೆಮ್ಮುತ್ತ ಹೊರಗೆ ಬಂದಳು.

"ಹೇಗಿತ್ತಕ್ಕಾ?"

ಅವಳು ಬಾಟಲಿಯ ಮುಚ್ಚಳ ತೆಗೆದು ಗುಬ್ಬಿಯ ಕೈಗೆ ಕೊಟ್ಟಳು.

"ಶ್ರುತಿ ಕೂಡ್ತಮ್ಮ," ಎಂದಳು. "ಸರಿಯಾಗಿ ಕೂಡ್ತು."