ನಲವತ್ತಮೂರರ ನಂತರ ನಲವತ್ತೈದು

ಆ ಕಾಲೇಜಿನ ಹೆಸರನ್ನು ನಾನು ಬಾಯಲ್ಲಿ ಎತ್ತುವುದಿಲ್ಲ. ಅವರು ಮೂವತ್ತಮೂರು ವರ್ಷ ನನ್ನ ಹೆಸರು ಎತ್ತಲಿಲ್ಲ, ನಾನೂ ಅವರದ್ದು ಎತ್ತುವುದಿಲ್ಲ, ಅಲ್ಲಿಗೆ ಸರಿಹೋಯಿತು. ನಾನು ವರ್ನೆಲ್ ಟಾಲಿವರ್. ಮಿಸಿಸಿಪಿಯ ಈ ಹತ್ತಿ ಬಯಲಿನಲ್ಲಿ ಹೆದ್ದಾರಿ ಪಕ್ಕ ಟೈರ್ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಕಾಲದಲ್ಲಿ ಆ ಕಾಲೇಜಿಗೆ ಫುಟ್‌ಬಾಲ್ ಆಡುತ್ತಿದ್ದೆ, ಕೈಯಲ್ಲಿ ಚೆಂಡು ಹಿಡಿದು ಓಡುವ ನಮ್ಮ ಅಮೆರಿಕದ ಆಟ. ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವುದು ನನ್ನ ಕೆಲಸ, ಬೆನ್ನ ಮೇಲೆ ನಲವತ್ತನಾಲ್ಕು ಎಂಬ ಅಂಕಿ. ಕೊಚ್ಚಿಕೊಳ್ಳುತ್ತಾನೆ ಅಂದುಕೊಂಡರೂ ಪರವಾಗಿಲ್ಲ, ನಾನು ಕೆಡವಿದವರು ಬೇಗ ಏಳುತ್ತಿರಲಿಲ್ಲ.

ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ ಅಮ್ಮ ತೀರಿಕೊಂಡಳು. ನನ್ನ ಕೈಯಲ್ಲಿ ಹನ್ನೊಂದು ಡಾಲರ್ ಇತ್ತು. ಶನಿವಾರ ಬಂತೆಂದರೆ ಎಂಬತ್ತು ಸಾವಿರ ಜನ ಟಿಕೆಟ್ ಕೊಂಡು ನಮ್ಮ ಆಟ ನೋಡುತ್ತಿದ್ದರು, ನನ್ನ ಅಂಕಿಯ ಅಂಗಿ ಕಾಲೇಜಿನ ಅಂಗಡಿಯಲ್ಲಿ ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ಆದರೆ ಆಟಗಾರ ಮಾತ್ರ ಒಂದು ಕಾಸೂ ಮುಟ್ಟಬಾರದೆಂದು ನಿಯಮ. ಸಹಾಯಕ ಕೋಚ್ ಒಬ್ಬ ನನ್ನ ಮುಖ ನೋಡಲಾರದೆ ನೂರ ನಲವತ್ತು ಡಾಲರ್ ಕೊಟ್ಟ. ಅರ್ಧ ಬಸ್ಸಿಗೆ ಹೋಯಿತು, ಇನ್ನರ್ಧ ಅಮ್ಮನ ಮಣ್ಣಿಗೆ ಹಾಕಿಕೊಂಡು ಹೋಗಲು ಒಂದು ಕಪ್ಪು ಕೋಟಿಗೆ.

ಯಾರೋ ಚಾಡಿ ಹೇಳಿದರು. ವಿಚಾರಣೆ ನಡೆಸಿ ನನ್ನನ್ನು ಹೊರಗೆ ಹಾಕಿದರು. ನಾನು ಆಡಿದ ಪಂದ್ಯಗಳ ಗೆಲುವನ್ನೆಲ್ಲ ದಾಖಲೆಯಿಂದ ಹೊಡೆದುಹಾಕಿದರು, ಆಟಗಾರರ ಗೋಡೆಯ ಮೇಲಿದ್ದ ನನ್ನ ಹೆಸರನ್ನು ಕೆರೆದು ತೆಗೆದರು. ಗೆಲುವನ್ನು ಬಿಟ್ಟುಕೊಟ್ಟವರು ಟಿಕೆಟ್ ದುಡ್ಡನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ಕೋಟು ಈಗಲೂ ನನ್ನ ಹತ್ತಿರ ಇದೆ, ಗುಂಡಿ ಕೂಡುವುದಿಲ್ಲ ಅಷ್ಟೆ.

ಈಗ ಕಾಲ ಬದಲಾಗಿದೆ. ಆಟಗಾರ ತನ್ನ ಹೆಸರು, ಮುಖ ಎರಡನ್ನೂ ಜಾಹೀರಾತಿಗೆ ಮಾರಿಕೊಳ್ಳಬಹುದು. ಕಾಲೇಜಿನ ಅಭಿಮಾನಿ ಸಾಹುಕಾರರು ಕೂಟ ಕಟ್ಟಿಕೊಂಡು, ಶಾಲೆ ಮುಗಿಸದ ಹುಡುಗರ ಮನೆಗೇ ಬಂದು ಹಣ ಮುಂದಿಡುತ್ತಾರೆ. ಟೀವಿಯಲ್ಲಿ ಬಿಳಿ ಕೂದಲಿನವರು ಕೂತು ಅಳುತ್ತಾರೆ, ದುಡ್ಡು ಬಂದು ಆಟ ಹಾಳಾಯಿತಂತೆ, ಮಕ್ಕಳಿಗೆ ಆಟದ ಮೇಲೆ ಪ್ರೀತಿಯೇ ಇಲ್ಲವಂತೆ. ನನಗೆ ಮೈಯೆಲ್ಲ ಉರಿಯುತ್ತದೆ. ಕೋಚ್‌ಗೆ ಕೋಟಿಗಟ್ಟಲೆ ಕೊಟ್ಟಾಗ ಹಾಳಾಗದ ಆಟ, ಮೀನು ಕೊಯ್ಯುವವಳ ಮಗನ ಕೈಗೆ ನಾಲ್ಕು ಕಾಸು ಬಂದಾಗ ಹಾಳಾಯಿತೇ? ದುಡ್ಡು ಬರಲಿ. ನೂರು ವರ್ಷ ತಡವಾಗಿ ಬಂದಿದೆ.

ಮೀನು ಕೊಯ್ಯುವವರು ನನ್ನ ಅತ್ತಿಗೆ ಲಾವೋನ್. ನಮ್ಮಣ್ಣ ಹೃದಯ ನಿಂತು ಹೋದ ಮೇಲೆ ಕ್ಯಾಟ್‌ಫಿಶ್ ಕಾರ್ಖಾನೆಯಲ್ಲಿ ದುಡಿದೇ ಮಗನನ್ನು ಸಾಕಿದರು. ಮಂಜುಗಡ್ಡೆ ನೀರಿನಲ್ಲಿ ನೆನೆದೂ ನೆನೆದೂ ಅವರ ಬೆರಳ ತುದಿಗಳಿಗೆ ಸ್ಪರ್ಶವೇ ಇಲ್ಲ. ಮಗ ಜಕೋರಿಗೆ ಹದಿನೇಳು. ನನ್ನ ಜಾಗದಲ್ಲೇ ಆಡುತ್ತಾನೆ, ನನಗಿಂತ ಚೆನ್ನಾಗಿ ಆಡುತ್ತಾನೆ; ಇದನ್ನು ಅವನಿಗೆ ಹೇಳಿಲ್ಲ, ತಲೆಗೇರುತ್ತದೆ.

ಕಳೆದ ನವೆಂಬರ್‌ನಲ್ಲಿ ಆ ಕಾಲೇಜಿನ ಕೂಟದಿಂದ ಗ್ರೇಡಿ ವಿಟ್‌ಲಾಕ್ ಎಂಬವನು ಬಂದ. ನಾಲ್ಕು ಊರುಗಳಲ್ಲಿ ಟ್ರಕ್ ಮಾರುವವನು. ಹುಡುಗನನ್ನು ಕೇಳಲು ಬಂದವರು ಮನೆಯ ಊಟ ಮಾಡದೆ ಹೋಗುವ ಹಾಗಿಲ್ಲ ನಮ್ಮಲ್ಲಿ. ಕರಿದ ಮೀನು, ಸೊಪ್ಪು, ಜೋಳದ ಬ್ರೆಡ್ಡು ಎರಡೆರಡು ಸಲ ಹಾಕಿಸಿಕೊಂಡು, ಬೆರಳು ನೆಕ್ಕಿ, ವಿಷಯಕ್ಕೆ ಬಂದ. ವರ್ಷಕ್ಕೆ ಮೂರು ಲಕ್ಷ ಎಂಬತ್ತು ಸಾವಿರ ಡಾಲರ್. ಹೆದ್ದಾರಿಯ ದೊಡ್ಡ ಫಲಕದ ಮೇಲೆ ಹೊಸ ಟ್ರಕ್ಕಿನ ಪಕ್ಕ ಜಕೋರಿಯ ಚಿತ್ರ, ಕೆಳಗೆ ಟಾಲಿವರ್ ಎಂಬ ಹೆಸರು. ಹುಡುಗನಿಗೆ ಹದಿನೆಂಟು ತುಂಬಿಲ್ಲವಾದ್ದರಿಂದ ತಾಯಿಯ ಸಹಿಯೂ ಬೇಕು. ಅತ್ತಿಗೆ ಕೇಕ್ ಕತ್ತರಿಸಿದರು.

ನನ್ನ ಕಡೆ ತಿರುಗಿ, ಹುಡುಗನ ಚಿಕ್ಕಪ್ಪನೇ, ನೀವೂ ಆಡುತ್ತಿದ್ದಿರೇ ಎಂದು ಕೇಳಿದ. ಸ್ವಲ್ಪ ಅಂದೆ. ಕೆಟ್ಟವನಲ್ಲ ಅವನು, ನಾನು ಯಾರೆಂದು ಗೊತ್ತಿರಲಿಲ್ಲ ಅಷ್ಟೆ. ಗೊತ್ತಿದ್ದರೆ ಆಮೇಲೆ ಮಾಡಿದ ಕೆಲಸ ಮಾಡುತ್ತಿರಲಿಲ್ಲ. ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಉಡುಗೊರೆ ಎಂದು ಜಕೋರಿಯ ಮುಂದಿಟ್ಟ. ಚರ್ಮದ ರಟ್ಟು, ಚಿನ್ನದ ಅಕ್ಷರ. ತಂಡದ ನೂರು ವರ್ಷದ ಇತಿಹಾಸವಂತೆ, ಪ್ರತಿ ವರ್ಷದ ಪ್ರತಿ ಆಟಗಾರನೂ ಅದರಲ್ಲಿ ಇದ್ದಾನಂತೆ.

ಜಕೋರಿ ಸೀದಾ ತೊಂಬತ್ತೊಂದನೆಯ ಇಸವಿಯ ಪುಟ ತೆಗೆದ. ಅಂಕಿಯ ಪ್ರಕಾರ ಪಟ್ಟಿ. ಅವನ ಬೆರಳು ಮೇಲಿನಿಂದ ಕೆಳಗೆ ಇಳಿದು ಒಂದು ಕಡೆ ನಿಂತಿತು.

"ನಲವತ್ಮೂರಾದ್ಮೇಲೆ ನಲವತ್ತೈದು ಇದೆ," ಅಂದ. "ನಲವತ್ನಾಲ್ಕು ಯಾರು?"

"ಆ ವರ್ಷ ಆ ನಂಬರ್ ಯಾರೂ ಹಾಕ್ಕೊಂಡಿರ್ಲಿಲ್ಲ ಅನ್ಸುತ್ತಪ್ಪ," ಅಂದ ವಿಟ್‌ಲಾಕ್.

"ಹಾಕ್ಕೊಂಡಿದ್ದೋರು ನಿಮ್ಮ ಎದುರಿಗೇ ಕೂತು ಕೇಕ್ ತಿಂತಿದ್ದಾರೆ."

ವಿಟ್‌ಲಾಕ್ ನನ್ನನ್ನು ನೋಡಿದ, ಪುಸ್ತಕವನ್ನು ನೋಡಿದ. ನಾನು ಕೇಕ್ ತಿನ್ನುವುದನ್ನು ನಿಲ್ಲಿಸಲಿಲ್ಲ. ಮನೆಯಲ್ಲಿ ಈ ಕಥೆ ಕೇಳುತ್ತಲೇ ಬೆಳೆದ ಹುಡುಗ ಅವನು, ಆದರೆ ಕೇಳುವುದು ಬೇರೆ, ಅಚ್ಚಾದ ಪುಟದಲ್ಲಿ ಇಲ್ಲದ್ದನ್ನು ಕಣ್ಣಾರೆ ಕಾಣುವುದು ಬೇರೆ. ನೂರ ನಲವತ್ತು ಡಾಲರ್ ವಿಷಯ ಅವನೇ ವಿಟ್‌ಲಾಕ್‌ಗೆ ಹೇಳಿದ. ಆ ನಿಯಮ ಈಗ ಇದೆಯೇ ಎಂದು ಕೇಳಿದ. ಇಲ್ಲ ಅಂದ ವಿಟ್‌ಲಾಕ್. ಹಾಗಾದರೆ ಚಿಕ್ಕಪ್ಪನ ಹೆಸರು ಗೋಡೆಯ ಮೇಲೂ ಪುಸ್ತಕದಲ್ಲೂ ವಾಪಸು ಬರಲಿ, ಆವತ್ತೇ ಸಹಿ ಹಾಕುತ್ತೇನೆ ಅಂದ.

ವಿಟ್‌ಲಾಕ್ ಕೇಳಿ ನೋಡುತ್ತೇನೆ ಎಂದು ಹೋದ. ಒಂದು ವಾರದ ಮೇಲೆ ಫೋನ್ ಮಾಡಿದ. ಒಬ್ಬರಿಗೆ ಮಾಡಿದರೆ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಾರೆಂದು ಕಾಲೇಜಿನ ವಕೀಲರು ಒಪ್ಪಲಿಲ್ಲವಂತೆ. ಅದರ ಬದಲು ಹುಡುಗನಿಗೆ ಇನ್ನೂ ಐವತ್ತು ಸಾವಿರ ಸೇರಿಸುತ್ತಾರಂತೆ, ನನಗೆ ಕ್ರೀಡಾಂಗಣದಲ್ಲಿ ಗಣ್ಯರು ಕೂರುವ ಗಾಜಿನ ಕೋಣೆಯಲ್ಲಿ ಜೀವನಪರ್ಯಂತ ಕುರ್ಚಿಯಂತೆ. ಒಳಗೆ ಕೂರಿಸುತ್ತಾರೆ, ಹೆಸರು ಮಾತ್ರ ಹೇಳುವುದಿಲ್ಲ. ಕೂತವನು ಯಾರು ಎಂದು ಕೇಳಿದರೆ ಏನು ಹೇಳುತ್ತೀರಿ ಅಂದೆ. ಅಷ್ಟು ಹೇಳಿ ಫೋನ್ ಇಟ್ಟೆ.

ಇಟ್ಟೆನೇನೋ ನಿಜ. ನನಗೆ ಆ ಹೆಸರು ಬೇಕಿತ್ತು, ಬಾಯಾರಿದವನಿಗೆ ನೀರು ಬೇಕಾದಷ್ಟು ಬೇಕಿತ್ತು. ಆದರೆ ಅದಕ್ಕೆ ಹುಡುಗನ ಅನ್ನದ ತಟ್ಟೆಯನ್ನು ನಾನು ಒದೆಯಬಹುದೇ? ಇನ್ನೊಂದು ಕಾಲೇಜು, ಪಕ್ಕದ ರಾಜ್ಯದ್ದು, ಕೊಡುತ್ತೇನೆಂದದ್ದು ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರ. ಒಂದು ಮಂಡಿ ಮುರಿದರೆ ಇವನ ಆಟವೂ ಮುಗಿಯಿತು, ಫಲಕದ ಮೇಲಿನ ಚಿತ್ರವೂ ಇಳಿಯಿತು. ಸಿಕ್ಕಾಗ ಬಾಚಿಕೊಳ್ಳಬೇಕು. ಅಂದೇ ಸಂಜೆ ಅವರ ಮನೆಗೆ ಹೋಗಿ ಜಕೋರಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಸಹಿ ಹಾಕು ಅಂದೆ. ನನ್ನ ಕಾಲ ಮುಗಿಯಿತು, ಗೋಡೆ ಅವರದ್ದು, ಏನಾದರೂ ಬರೆದುಕೊಳ್ಳಲಿ ಅಂದೆ.

ಅವನು ಬಗ್ಗಿ ಬೂಟಿನ ಮಣ್ಣು ಕೆರೆಯುತ್ತ ಕೇಳಿಸಿಕೊಂಡ.

"ಅವ್ರು ದುಡ್ಡು ಕೊಡ್ತಿರೋದು ಟಾಲಿವರ್ ಅನ್ನೋ ಹೆಸ್ರಿಗೆ ಚಿಕ್ಕಪ್ಪ," ಅಂದ. "ಅದ್ರಲ್ಲಿ ಅರ್ಧ ನಿಂದು. ನೀನು ಮಾರ್ತೀಯಾ ಹೇಳು, ನಾನು ಮಾರ್ತೀನಿ."

ಒಳಗಿನಿಂದ ಅತ್ತಿಗೆ ಬಂದರು, ಕಾರ್ಖಾನೆಯ ಬಿಳಿ ರಬ್ಬರ್ ಬೂಟು ಇನ್ನೂ ಬಿಚ್ಚಿರಲಿಲ್ಲ. ಅವರಾದರೂ ಬುದ್ಧಿ ಹೇಳಲಿ ಎಂದು ನೋಡಿದೆ.

"ಸಹಿ ನಂದೂ ಬೇಕಂತಲ್ಲ, ನಾನು ಹಾಕಲ್ಲ," ಅಂದರು. "ನಿಮ್ಮಮ್ಮನ ಮಣ್ಣಿಗೆ ನೀನು ಬಂದಿದ್ದು ತಪ್ಪು ಅಂತ ಬರ್ಕೊಂಡಿರೋ ಮನೆಗೆ ನನ್ನ ಮಗನ್ನ ಕಳಿಸಲ್ಲ ವರ್ನೆಲ್. ಲಕ್ಷ ಅಂದ್ರೂ ಕಮ್ಮಿ ಏನಲ್ಲ. ಇಷ್ಟು ವರ್ಷ ಮೀನು ಕೊಯ್ದಿದೀನಿ, ಇನ್ನೊಂದು ವರ್ಷ ಕೊಯ್ದ್ರೆ ಕೈ ಏನು ಬಿದ್ದೋಗಲ್ಲ."

ಐವತ್ತಮೂರು ವರ್ಷದ ಗಂಡಸು ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ನಾಚಿಕೆ ಏನೂ ಆಗಲಿಲ್ಲ.

ಊರಿಗೆ ಊರೇ ನಮಗೆ ಹುಚ್ಚು ಹಿಡಿದಿದೆ ಎಂದಿತು. ಕ್ಷೌರದಂಗಡಿಯಲ್ಲಿ ನನ್ನ ತಲೆ ಮಾಡುವ ಮುದುಕ, ಕೆರೆದು ಹಾಕಿದ ಹೆಸರಿಗೆ ಮನೆ ಕಟ್ಟುವಷ್ಟು ದುಡ್ಡು ಬಿಟ್ಟ ಮೊದಲನೆಯ ಮನುಷ್ಯ ನೀನೇ ಕಣೋ ಅಂದ. ನಿನ್ನ ಕತ್ತರಿ ನೋಡಿಕೋ ಅಂದೆ.

ಡಿಸೆಂಬರ್‌ನಲ್ಲಿ ಶಾಲೆಯ ಒಳಾಂಗಣದಲ್ಲಿ ಸಹಿ ಹಾಕುವ ದಿನ ಬಂತು. ಬಟ್ಟೆ ಹಾಸಿದ ಮೇಜು, ಅದರ ಮೇಲೆ ಒಂದೊಂದು ಕಾಲೇಜಿನದು ಒಂದೊಂದು ಟೋಪಿ. ಹುಡುಗ ಯಾವುದನ್ನು ತಲೆಗೆ ಹಾಕಿಕೊಳ್ಳುತ್ತಾನೋ ಆ ಕಾಲೇಜು ಗೆದ್ದ ಹಾಗೆ. ವಿಟ್‌ಲಾಕ್ ಮುಂದಿನ ಸಾಲಿನಲ್ಲೇ ಕೂತಿದ್ದ, ಹುಡುಗರು ಹಠ ಮಾಡಿ ಕೊನೆ ಗಳಿಗೆಯಲ್ಲಿ ದುಡ್ಡಿನ ಕಡೆ ವಾಲುತ್ತಾರೆಂದು ಅವನಿಗೆ ಗೊತ್ತು. ಜಕೋರಿ ವಿಟ್‌ಲಾಕ್‌ನವರ ಟೋಪಿಯನ್ನು ಎತ್ತಿಕೊಂಡ. ಅರ್ಧ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಮೇಜು ಸುತ್ತಿ ಇಳಿದು ಬಂದು, ಟೋಪಿಯನ್ನು ವಿಟ್‌ಲಾಕ್‌ನ ತೊಡೆಯ ಮೇಲೆ ಮರ್ಯಾದೆಯಿಂದಲೇ ಇಟ್ಟು, ವಾಪಸು ಹೋಗಿ ಪಕ್ಕದ ರಾಜ್ಯದ ಟೋಪಿ ಹಾಕಿಕೊಂಡ. ಮೈಕಿನಲ್ಲಿ ಒಂದೇ ಮಾತು ಹೇಳಿದ.

"ಅಕ್ಟೋಬರ್‌ನಲ್ಲಿ ನಿಮ್ಮ ಮನೆಗೇ ಆಟಕ್ಕೆ ಬರ್ತೀವಿ. ನನ್ನ ಹೆಸರು ಟಾಲಿವರ್, ಸರಿಯಾಗಿ ಕಲ್ತ್ಕೊಂಡಿರಿ."

ಬಂದೇ ಬಂತು ಅಕ್ಟೋಬರ್. ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಗಂಟೆ ಗಾಡಿ ಓಡಿಸಿದೆ. ಉರಿ ಬಿಸಿಲಿನಲ್ಲೂ ಆ ಕಪ್ಪು ಕೋಟನ್ನೇ ಹಾಕಿಕೊಂಡಿದ್ದೆ, ಗುಂಡಿ ಬಿಚ್ಚಿಕೊಂಡು. ಗಾಜಿನ ಕೋಣೆಯಲ್ಲ, ಎದುರಾಳಿಗಳಿಗೆಂದು ಬಿಟ್ಟ ಮೇಲ್ತುದಿಯ ಸಾಲಿನಲ್ಲಿ, ನಮ್ಮ ದುಡ್ಡಿನ ಟಿಕೆಟ್ ಕೊಂಡು ಕೂತೆವು. ಜಕೋರಿಯ ಬೆನ್ನ ಮೇಲೆ ನಲವತ್ತನಾಲ್ಕು ಇತ್ತು. ಅದನ್ನು ಕೇಳಿ ಪಡೆದಿದ್ದನಂತೆ, ನನಗೆ ಹೇಳಿರಲಿಲ್ಲ.

ಮೂರನೆಯ ಎಸೆತಕ್ಕೇ ಅವರ ಚೆಂಡು ಎಸೆಯುವ ನಾಯಕನನ್ನು ಸೊಂಟ ಹಿಡಿದು ನೆಲಕ್ಕೆ ಹಾಕಿದ. ಧ್ವನಿವರ್ಧಕದಲ್ಲಿ ಕೂಗುವವನು ಆ ಕಾಲೇಜಿನ ಸಂಬಳದವನು; ಕೆಡವಿದವನು ಯಾರೇ ಆಗಲಿ ಹೆಸರು ಹೇಳಲೇಬೇಕು. ಹೇಳಿದ. ನಲವತ್ತನಾಲ್ಕು, ಟಾಲಿವರ್.

ಎಂಬತ್ತು ಸಾವಿರ ಜನ ಒಟ್ಟಿಗೆ ಊಳಿಟ್ಟರು. ತಮ್ಮನ್ನು ಒದ್ದು ಹೋದ ಹುಡುಗ ಎಂಬ ಸಿಟ್ಟು. ನನಗೆ ನೋವಾಯಿತೇನೋ ಎಂದು ಅತ್ತಿಗೆ ನನ್ನ ಮಂಡಿಯ ಮೇಲೆ ಕೈಯಿಟ್ಟರು. ಇಲ್ಲದವನಿಗೆ ಯಾರೂ ಬೈಯುವುದಿಲ್ಲ, ಇದ್ದವನಿಗೇ ಬೈಯುವುದು. ನಾನು ಟೋಪಿ ತೆಗೆದು ಎದ್ದು ನಿಂತೆ.

"ಕೂತ್ಕೋ ವರ್ನೆಲ್, ಬೈತಿದ್ದಾರೆ," ಅಂದರು.

"ಬೈಲಿ ಅತ್ತಿಗೆ," ಅಂದೆ. "ಹೆಸರು ಹಿಡ್ದು ಬೈತಿದ್ದಾರೆ."

ಪಂದ್ಯವನ್ನು ಮೂರು ಅಂಕದಿಂದ ಸೋತೆವು, ಅದು ಬೇರೆ ಮಾತು. ಆ ಮಧ್ಯಾಹ್ನ ಅವರು ಟಾಲಿವರ್ ಎಂದು ಒಂಬತ್ತು ಸಲ ಕರೆದರು, ಒಂಬತ್ತು ಸಲವೂ ನಾನು ಎದ್ದು ನಿಂತೆ.